ರಾತ್ರಿಯೆಲ್ಲ ಯಾರು ಕೂರ್ತಾರೆ ಅಂದವರಿಗೆ

"ರಾತ್ರಿಯೆಲ್ಲ ಕಥೆ ಕೇಳೋಕೆ ಈ ಕಾಲದಲ್ಲಿ ಯಾರಪ್ಪ ಕೂರ್ತಾರೆ?" ಅಂತ ನಕ್ಕವರೇ ಈಗ "ಮುಂದಿನ ತಿಂಗಳು ಯಾರ ಮನೆ?" ಅಂತ ಫೋನ್ ಮಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಇರುತ್ತೆ, ಸಹಿಸಿಕೊಳ್ಳಿ.

ನಮ್ಮದು ಮಳವಳ್ಳಿ ಕಡೆಯ ಸಣ್ಣ ಜಾನಪದ ಬಳಗ. ಸಂಬಳದವರು ಒಬ್ಬರೂ ಇಲ್ಲ. ಇಬ್ಬರು ಮೇಷ್ಟ್ರು, ಒಬ್ಬ ಮೆಡಿಕಲ್ ಶಾಪಿನವ, ಆಶಾ ಕಾರ್ಯಕರ್ತೆಯೊಬ್ಬರು, ವಾರದ ಕೊನೆಗೆ ಬೆಂಗಳೂರಿಂದ ಊರಿಗೆ ಬರುವ ಒಂದಷ್ಟು ಹುಡುಗರು. ತಿಂಗಳಿಗೊಂದು ಸಲ ಯಾರದಾದರೂ ಮನೆಯ ಅಂಗಳದಲ್ಲಿ ನೀಲಗಾರರನ್ನೋ ದೇವರಗುಡ್ಡರನ್ನೋ ಕೂರಿಸಿ, ರಾತ್ರಿ ಹತ್ತರಿಂದ ಕೋಳಿ ಕೂಗುವವರೆಗೆ ಕಥೆ ಮಾಡಿಸುತ್ತೇವೆ. ನೀಲಗಾರರು ಹಾಡುವುದು ಮಂಟೇಸ್ವಾಮಿ ಕಥೆ, ದೇವರಗುಡ್ಡರದು ಮಲೆ ಮಾದಪ್ಪನ ಕಥೆ, ಎರಡೂ ಉಂಟು. ಮೂರು ವರ್ಷ ದಾಟಿದೆ, ಸಾಲ ಇಲ್ಲ.

ಮೊದಲು ನಾವೂ ಎಲ್ಲರ ಹಾಗೆ ವರ್ಷಕ್ಕೊಂದು ಉತ್ಸವ ಮಾಡುತ್ತಿದ್ದೆವು. ಆ ಲೆಕ್ಕ ಕೇಳಿದರೆ ನಿಮಗೆ ನಿಮ್ಮದೇ ಲೆಕ್ಕ ನೆನಪಾಗಬಹುದು. ಕೊನೆಯ ಉತ್ಸವಕ್ಕೆ ಒಟ್ಟು ಖರ್ಚು ಹೆಚ್ಚುಕಮ್ಮಿ 1 ಲಕ್ಷ 80 ಸಾವಿರ. ಶಾಮಿಯಾನ, ಸ್ಟೇಜು, ಮೈಕು, ಲೈಟು ಸೇರಿ 60 ಸಾವಿರದ ಹತ್ತಿರ. ಫ್ಲೆಕ್ಸಿಗೆ 12. ಶಾಲು, ಹಾರ, ಪೇಟ, ಮೊಮೆಂಟೊಗೆ 15-16. ಅತಿಥಿಗಳ ಕಾರು, ಊಟ, ಉಪಚಾರ ಬೇರೆ. ಇಷ್ಟರಲ್ಲಿ ಕಲಾವಿದರ ಕೈಗೆ ಹೋಗಿದ್ದು 35 ಸಾವಿರ ಇರಬಹುದು, ಅದೂ ಏಳು ತಂಡಕ್ಕೆ. ಅಂದರೆ ಐದರಲ್ಲಿ ಒಂದು ಪಾಲು. ಸಂಜೆ ಆರಕ್ಕೆ ಬಂದ ಪಟ ಕುಣಿತದವರು ಭಾಷಣ ಮುಗಿಯಲಿ ಅಂತ ಸ್ಟೇಜಿನ ಹಿಂದೆ ಹತ್ತೂವರೆವರೆಗೆ ಕಾದರು. ಅಷ್ಟು ಹೊತ್ತಿಗೆ ಕುರ್ಚಿ ಬಾಡಿಗೆಯವನು ಕುರ್ಚಿ ಎತ್ತಲು ಶುರು ಮಾಡಿದ್ದ.

ಅನುದಾನ ಸಿಗಲಿಲ್ಲವಾ ಅಂತ ಕೇಳಬೇಡಿ. ಸಿಕ್ಕಿತು. ಕಾರ್ಯಕ್ರಮ ಮುಗಿದು, ಬಿಲ್ಲು, ಫೋಟೊ, ಪೇಪರ್ ಕಟಿಂಗ್ ಎಲ್ಲ ಕೊಟ್ಟು, ಒಂದು ಕಚೇರಿಯ ಮೆಟ್ಟಿಲು ಸವೆಸಿ, ವರ್ಷದ ಮೇಲೆ ಸಿಕ್ಕಿತು, ಕೇಳಿದ್ದರ ಅರ್ಧಕ್ಕಿಂತ ಕಮ್ಮಿ. ಅಲ್ಲಿಯವರೆಗೆ ಮೆಡಿಕಲ್ ಶಾಪಿನವನ ಕೈಯಿಂದ ಹೋದ ದುಡ್ಡಿಗೆ ಬಡ್ಡಿ ಯಾರು ಕೊಡೋದು?

ಅದೇ ಉತ್ಸವದಲ್ಲಿ ಒಬ್ಬ ಹಿರಿಯ ತಂಬೂರಿಯವರಿಗೆ "ನಿಮಗೆ ಅರ್ಧ ಗಂಟೆ ಟೈಮು" ಅಂತ ಚೀಟಿ ಕೊಟ್ಟಿದ್ದೆವು. ಅವರು ಚೀಟಿ ನೋಡಿ, "ಅರ್ಧ ಗಂಟೇಲಿ ನಮ್ಮಪ್ಪ ಕಲ್ಯಾಣದ ಬಾಗ್ಲಿಗೂ ಹೋಗಿ ಸೇರಾಕಿಲ್ಲ ಕನಪ್ಪ" ಅಂದರು. ಮಂಟೇಸ್ವಾಮಿ ಕಥೆ ಕೇಳಿದವರಿಗೆ ಗೊತ್ತು, ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಹೋಗುವ ಸಾಲೇ (ಕಥೆಯ ಒಂದೊಂದು ಭಾಗಕ್ಕೆ ಸಾಲು ಅನ್ನುತ್ತಾರೆ) ಒಂದು ರಾತ್ರಿ ತಿನ್ನುತ್ತೆ. ಪೂರ್ತಿ ಕಥೆಗೆ ಒಂದು ರಾತ್ರಿ ಎಲ್ಲಿ ಸಾಲುತ್ತೆ.

ಆಮೇಲೆ ನಮ್ಮ ಆಶಾ ಅಕ್ಕನೇ ಹೇಳಿದ್ದು: "ತಿಥಿ ಮನೇಲಿ ಈಗಲೂ ಜನ ಬೆಳಗಾನ ಕೂರ್ತಾರಲ್ಲ, ಅವರನ್ಯಾರು ಹಿಡಿದು ಕೂರಿಸ್ತಾರೆ?" ನಿಜ ಅಲ್ವಾ? ನಮ್ಮ ಕಡೆ ತಿಥಿಗೆ, ಹರಕೆಗೆ ನೀಲಗಾರರನ್ನು ಕರೆಸಿ ರಾತ್ರಿಯೆಲ್ಲ ಕಥೆ ಮಾಡಿಸುವುದು ಇನ್ನೂ ನಿಂತಿಲ್ಲ. ಕೇಳುವವರು ಇದ್ದೇ ಇದ್ದಾರೆ. ಕೇಳುವ ಜಾಗದಿಂದ ಕಿತ್ತು ಸ್ಟೇಜಿಗೆ ಹತ್ತಿಸಿದವರು ನಾವು. ಹಾಗಾಗಿ ಸ್ಟೇಜ್ ಬಿಟ್ಟು ಅಂಗಳಕ್ಕೆ ಇಳಿದೆವು.

ಮೈಕ್ ಬೇಡ ಅಂದಾಗ ಬಳಗದಲ್ಲೇ ಜಗಳ ಆಯಿತು. ಆದರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮೈಕ್ ಬಿಟ್ಟರೆ ಆ ತಲೆನೋವೇ ಇಲ್ಲ. ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು. ಮೈಕ್ ಇಲ್ಲದಿದ್ದರೆ ಭಾಷಣ ಮಾಡುವವರು ಬರುವುದೇ ಇಲ್ಲ! ಮೂರು ಕಡೆ ಗೋಡೆ ಇರುವ ಅಂಗಳವಾದರೆ ನೂರು ಜನಕ್ಕೆ ತಂಬೂರಿ ಚೆನ್ನಾಗಿ ಕೇಳುತ್ತೆ. ಹೆಂಚಿನ ಜಗುಲಿ ಬೆನ್ನಿಗಿದ್ದರೆ ಇನ್ನೂ ಒಳ್ಳೆಯದು. ಎದುರಿಗೆ ತಗಡಿನ ಶೀಟು ಇರುವ ಮನೆ ಬೇಡವೇ ಬೇಡ, ಹಾಡುವವರ ಕೈಯ ಲೋಹದ ಗಗ್ಗರದ ಸದ್ದು ಹೋಗಿ ಬಡಿದು ವಾಪಸ್ ಬಂದು ಪದವನ್ನೇ ನುಂಗುತ್ತೆ. ಜನ ನೂರೈವತ್ತು ದಾಟಿದರೆ ಹಿಂದಿನವರು ಮಾತಾಡಲು ಶುರು ಮಾಡುತ್ತಾರೆ. ಅದಕ್ಕೇ ನಾವು ಪ್ರಚಾರ ಮಾಡುವುದಿಲ್ಲ. ಪೋಸ್ಟರ್ ಇಲ್ಲ, ಸ್ಟೇಟಸ್ ಇಲ್ಲ. ಊರಲ್ಲಿ ಬಾಯಿಂದ ಬಾಯಿಗೆ ಹೋದಷ್ಟು ಸಾಕು.

ದಿನ ಗೊತ್ತು ಮಾಡುವುದರಲ್ಲಿ ಮೊದಲ ವರ್ಷ ಒದ್ದಾಡಿದೆವು. ಅಮಾವಾಸ್ಯೆಗೆ ದೇವರಗುಡ್ಡರು ಸಿಗಲ್ಲ, ಮಾದಪ್ಪನ ಬೆಟ್ಟಕ್ಕೆ ಹೋಗಿರುತ್ತಾರೆ. ಜನವರಿ ಹುಣ್ಣಿಮೆಗೆ ನೀಲಗಾರರೆಲ್ಲ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ, ಐದು ದಿನ ಯಾರ ಫೋನೂ ಎತ್ತಲ್ಲ. ಶಿವರಾತ್ರಿಯಿಂದ ಯುಗಾದಿವರೆಗೆ ಅದೇ ಪರಂಪರೆಯ ಕಪ್ಪಡಿ ಜಾತ್ರೆ. ಈ ಹೊತ್ತಲ್ಲಿ ಸಿಗುವವರು ಎರಡನೇ ಸಾಲಿನವರು, ಅಥವಾ ಎರಡು ಪಟ್ಟು ಕೇಳುವವರು. ಈಗ ಹುಣ್ಣಿಮೆಗೆ ಹತ್ತಿರದ ಶನಿವಾರ ಅಂತ ಇಟ್ಟುಕೊಂಡಿದ್ದೇವೆ. ಬೆಂಗಳೂರಿನ ಹುಡುಗರು ಸಿಗುತ್ತಾರೆ, ಬೆಳದಿಂಗಳಿಗೆ ಕರೆಂಟ್ ಬಿಲ್ಲೂ ಇಲ್ಲ. ಜನವರಿಯಲ್ಲಿ ರಜೆ, ನಾವೇ ಚಿಕ್ಕಲ್ಲೂರಿಗೆ ಹೋಗಿಬಿಡುತ್ತೇವೆ. ಮುಂದಿನ ವರ್ಷಕ್ಕೆ ತಂಡ ಗೊತ್ತು ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಯಾವ ಬಿಡಾರಗಳಲ್ಲಿ ಒಳ್ಳೆಯ ಹಾಡುಗಾರರು ಸಿಗುತ್ತಾರೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ನೀವೇ ಸುತ್ತಾಡಿ.

ಈಗ ಕಷ್ಟದ ಮಾತು. ಯಾರ ಅಂಗಳ? ನೀಲಗಾರರಲ್ಲಿ ಹೆಚ್ಚಿನವರು ದಲಿತರು. ಮಂಟೇಸ್ವಾಮಿ ಅಂದರೆ ಕೈಮುಗಿಯುವ ಮನೆಯಲ್ಲೇ ಮಂಟೇಸ್ವಾಮಿ ಹಾಡುವವರಿಗೆ ಹೊರಗಡೆ ಬೇರೆ ಎಲೆ ಹಾಕುತ್ತಾರೆ. ನಾವು ಶುರುವಲ್ಲೇ ಒಂದು ಕಟ್ಟು ಮಾಡಿದೆವು. ಹಾಡುವವರು ಮೊದಲ ಪಂಕ್ತಿಯಲ್ಲಿ, ಮನೆಯವರ ಪಕ್ಕದಲ್ಲಿ ಊಟಕ್ಕೆ ಕೂರಬೇಕು. ಚಿಕ್ಕಲ್ಲೂರಿನ ಪಂಕ್ತಿಸೇವೆಯಲ್ಲಿ ಎಲ್ಲ ಜಾತಿಯವರೂ ಒಂದೇ ಸಾಲಲ್ಲಿ ಕೂತು ಉಣ್ಣುವುದಿಲ್ಲವೇ, ಅದನ್ನೇ ಮನೆಯಲ್ಲಿ ಮಾಡಿ ಅಂತ ಕೇಳುತ್ತೇವೆ. ಒಪ್ಪದಿದ್ದರೆ ಆ ಮನೆಗೆ ಕಥೆ ಇಲ್ಲ. ಇದರಿಂದ ತಾಲ್ಲೂಕಿನಲ್ಲೇ ಭಾರಿ ಚೆನ್ನಾಗಿರೋ ಒಂದು ತೊಟ್ಟಿಮನೆ ಅಂಗಳ ನಮ್ಮ ಕೈತಪ್ಪಿತು. ಬೇಜಾರಿಲ್ಲ. ಈಚೆಗೆ ಅವರ ಸೊಸೆ ಬೇರೆ ಮನೆಗಳ ಕಥೆಗೆ ಬಂದು ಕೂರುತ್ತಿದ್ದಾರೆ, ನೋಡೋಣ.

ದುಡ್ಡಿನ ವಿಚಾರಕ್ಕೆ ಬರುತ್ತೇನೆ. ನಾಲ್ಕೈದು ಜನರ ತಂಡಕ್ಕೆ ರಾತ್ರಿಗೆ 14 ಸಾವಿರ, ದೂರದವರಾದರೆ ಸ್ವಲ್ಪ ಜಾಸ್ತಿ. ಹನೂರು, ಕೊಳ್ಳೇಗಾಲ ಕಡೆಯಿಂದ ಬಂದುಹೋಗುವ ಗಾಡಿಗೆ ಎರಡೂವರೆ. ಹಾಲು, ಕಾಫಿಪುಡಿ, ಹೂವು, ಎಣ್ಣೆ, ಎಲೆ ಅಡಿಕೆಗೆ ಒಂದೂವರೆ. ಒಟ್ಟು 18 ಸಾವಿರ. ಅಕ್ಕಿ, ಬೇಳೆ, ಕಾಯಿ ಊರವರು ತಂದು ಹಾಕುತ್ತಾರೆ, ಅಡುಗೆ ಆ ಮನೆಯವರದು. ಬರುವ ದುಡ್ಡು ಎರಡು ಕಡೆಯಿಂದ. ತಿಂಗಳಿಗೆ 200 ರೂಪಾಯಿ ಕೊಡುವವರು ಎಪ್ಪತ್ತರ ಹತ್ತಿರ ಇದ್ದಾರೆ, ಫೋನ್‌ಪೇಯಲ್ಲಿ ಹಾಕುತ್ತಾರೆ. ಕಥೆಯ ರಾತ್ರಿ ತಟ್ಟೆಗೆ ಐದಾರು ಸಾವಿರ ಬೀಳುತ್ತೆ, ಸುಗ್ಗಿ ಆದ ಮೇಲೆ ಹತ್ತೂ ಆಗುತ್ತೆ. ಉಳಿದಿದ್ದು ಮಳೆಗಾಲದ ಡಬ್ಬಿಗೆ. ಆಷಾಢದಲ್ಲಿ ಮಳೆ ಬಂದು ಕಥೆ ಅರ್ಧಕ್ಕೆ ನಿಂತರೂ ತಂಡಕ್ಕೆ ಪೂರ್ತಿ ಕೊಡಬೇಕಲ್ಲ.

ದುಡ್ಡನ್ನು ಕಥೆ ಶುರುವಾಗುವ ಮುಂಚೆಯೇ ಕೊಟ್ಟುಬಿಡುತ್ತೇವೆ. ಇದಕ್ಕೆ ನಮ್ಮ ಮೇಷ್ಟ್ರೇ ಹೆದರಿದ್ದರು, "ಮೊದಲೇ ಕೊಟ್ಟರೆ ಎರಡು ಗಂಟೆಗೆ ಗಂಟು ಕಟ್ಟುತ್ತಾರೆ" ಅಂತ. ಆಗಿದ್ದು ಉಲ್ಟಾ. ಬೆಳಗ್ಗೆ ಯಾರ ಹಿಂದೆ ಓಡಬೇಕು ಅನ್ನುವ ಚಿಂತೆ ಇಲ್ಲದೆ ಕೂತವರು ಎಷ್ಟೋ ಸಲ ಆರೂವರೆವರೆಗೆ ಎಳೆದಿದ್ದಾರೆ. ಒಮ್ಮೆ ನಾವೇ ಸಾಕು ಅನ್ನಬೇಕಾಯಿತು, ಹಾಲು ಕರೆಯುವವರು ಬೈಯುತ್ತಿದ್ದರು.

ಎರಡು ಗಂಟೆ ಅಂದೆನಲ್ಲ, ಅದೇ ಗಂಡಾಂತರದ ಹೊತ್ತು. ಶುಂಠಿ ಕಾಫಿ ಕೊಡುತ್ತೇವೆ ನಿಜ, ಆದರೆ ಕಾಫಿಯಿಂದ ಜನ ಕೂರಲ್ಲ, ಕಥೆಯಿಂದ ಕೂರುತ್ತಾರೆ. ಮಾದಪ್ಪನ ಕಥೆಯಾದರೆ ಸಂಕಮ್ಮನ ಸಾಲನ್ನು ಹನ್ನೆರಡೂವರೆ ಸುಮಾರಿಗೆ ಎತ್ತಿಕೊಳ್ಳಿ ಅಂತ ಕೇಳಿಕೊಳ್ಳುತ್ತೇವೆ. ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ಹೆಂಡತಿ ಸಂಕಮ್ಮನ ಮೇಲೆ ಅನುಮಾನಪಟ್ಟು ಆಣೆ-ಭಾಷೆ ಕೇಳುವ ಕಡೆ ಬಂದರೆ ಹೆಂಗಸರು ಯಾರೂ ಏಳಲ್ಲ, ಮಗು ಅತ್ತರೂ ಅಲ್ಲೇ ತೊಡೆ ಮೇಲೆ ತಟ್ಟುತ್ತಾರೆ. ಹೆಂಗಸರು ಕೂತರೆ ಮನೆ ಕೂತ ಹಾಗೆ. ಮಂಟೇಸ್ವಾಮಿ ಕಥೆಯಲ್ಲಿ ಯಾವ ಹೊತ್ತಿಗೆ ಯಾವ ಸಾಲು ಅನ್ನೋದು ನಮ್ಮ ಗುಟ್ಟು, ಕಂಡುಕೊಳ್ಳಲು ಎರಡು ವರ್ಷ ಹಿಡಿದಿದೆ.

ಬಳಗದವರನ್ನು ಹಿಡಿದಿಡುವುದು ಕಲಾವಿದರನ್ನು ಕರೆಸುವುದಕ್ಕಿಂತ ಕಷ್ಟ. ವಾಟ್ಸಾಪಿನಲ್ಲಿ ಹೆಬ್ಬೆರಳು ತೋರಿಸಿದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗುರುವಾರ ರಾತ್ರಿ ಫೋನ್ ಮಾಡಿ, "ಬರ್ತೀನಣ್ಣ" ಅಂತ ಬಾಯಲ್ಲಿ ಹೇಳಿಸಿಕೊಂಡರೆ ಮಾತ್ರ ಲೆಕ್ಕ. ಕೆಲಸ ನಾಲ್ಕೇ: ಚಾಪೆ, ಗಾಡಿ, ಒಲೆ, ತಟ್ಟೆ. ಐದನೇ ಕೆಲಸ ಹುಟ್ಟಿತು ಅಂದರೆ ನಾವು ಏನೋ ಆಡಂಬರ ಮಾಡುತ್ತಿದ್ದೇವೆ ಅಂತಲೇ ಅರ್ಥ. ಒಬ್ಬರಿಗೆ ಒಂದು ಕೆಲಸ ಮೂರು ತಿಂಗಳು, ಆಮೇಲೆ ಬದಲು. ತಟ್ಟೆ ಮತ್ತು ಲೆಕ್ಕ ಒಬ್ಬರ ಕೈಯಲ್ಲೇ ಇರಬಾರದು. ನಂಬಿಕೆ ಇಲ್ಲ ಅಂತಲ್ಲ, ಊರಲ್ಲಿ ಮಾತು ಹುಟ್ಟಬಾರದು ಅಂತ. ತಟ್ಟೆ ಎಣಿಸುವುದು ಆ ಮನೆಯ ಯಜಮಾನಿ, ಬರೆದುಕೊಳ್ಳುವುದು ನಮ್ಮ ಹುಡುಗ, ಬೆಳಗ್ಗೆ ಇಡ್ಲಿ ತಿನ್ನುವ ಹೊತ್ತಿಗೆ ಎಲ್ಲರ ಮುಂದೆ ಓದುತ್ತಾನೆ. ಚಾಪೆ ಮಾತ್ರ ಇನ್ನೂ ಬಗೆಹರಿಯದ ಸಮಸ್ಯೆ. ಇಪ್ಪತ್ತು ಕೊಂಡಿದ್ದೆವು, ಎಂಟೋ ಒಂಬತ್ತೋ ಉಳಿದಿವೆ.

ಸಂಘ ನೋಂದಣಿ ಬಗ್ಗೆ ಕೇಳುತ್ತಾರೆ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಾಕು, ಮಾಡಿಸಿಕೊಳ್ಳಿ, ಬ್ಯಾಂಕ್ ಖಾತೆಗಾದರೂ ಬೇಕು. ಆದರೆ ವರ್ಷವರ್ಷ ಸಭೆ, ಆಡಿಟ್, ಪದಾಧಿಕಾರಿಗಳ ಪಟ್ಟಿ ಸಲ್ಲಿಸುವುದು ತಪ್ಪಬಾರದು. ಆಡಿಟರಿಗೆ ಐದು ಸಾವಿರ ಕೊಡುತ್ತೇವೆ, ನಮಗೆ ಕಲೆಗೆ ನೇರ ಸಂಬಂಧ ಇಲ್ಲದ ಖರ್ಚು ಅದೊಂದೇ. 80ಜಿ ಗೊಡವೆಗೆ ನಾವು ಹೋಗಲಿಲ್ಲ. ತಿಂಗಳಿಗೆ 200 ಕೊಡುವವನಿಗೆ ತೆರಿಗೆ ವಿನಾಯಿತಿ ಯಾಕೆ, ಐದು ವರ್ಷಕ್ಕೊಮ್ಮೆ ನವೀಕರಣದ ಕಾಟ ಬೇರೆ. ದೊಡ್ಡ ದಾನಿಗಳು ಇರುವವರು ಮಾಡಿಸಿಕೊಳ್ಳಲಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಕಥೆ ರೆಕಾರ್ಡ್ ಮಾಡಿ ಪೆನ್‌ಡ್ರೈವಿಗೆ ಹಾಕಿ 250 ರೂಪಾಯಿಗೆ ಮಾರಲು ಹೋದೆವು. ನೂರು ಮಾಡಿಸಿದ್ದು, ಮೂವತ್ತು ಹೋಗಿರಬಹುದು. ಒಬ್ಬ ಕೊಂಡ, ಊರೆಲ್ಲ ಕಾಪಿ ಮಾಡಿಕೊಂಡಿತು. ಯೂಟ್ಯೂಬಿಗೆ ಪೂರ್ತಿ ಹಾಕೋಣ ಅಂದರೆ ತಂಡದವರೇ ಬೇಡ ಅಂದರು, "ಅದ್ರಲ್ಲೇ ಕೇಳ್ಕೊಂಡ್ರೆ ನಮ್ಮನ್ನ ಯಾರು ಕರೀತಾರೆ?" ನ್ಯಾಯವೇ. ಈಗ ಮಧ್ಯದ ಒಂದು ಗಂಟೆ ಮಾತ್ರ ಹಾಕಿ, ಪೂರ್ತಿ ರೆಕಾರ್ಡನ್ನು ತಂಡಕ್ಕೇ ಕೊಡುತ್ತೇವೆ. ರೆಕಾರ್ಡರನ್ನು ಮುಖ್ಯ ಹಾಡುಗಾರರ ಮುಂದೆ ಇಡಬೇಡಿ, ತಂಬೂರಿಯೇ ತುಂಬಿಕೊಳ್ಳುತ್ತೆ. ಹಿಮ್ಮೇಳದವರ ಪಕ್ಕ ಮಡಿಸಿದ ಟವಲ್ ಮೇಲೆ ಇಡಿ.

ಮಕ್ಕಳಿಗೆ ಭಾನುವಾರ ತಂಬೂರಿ ಕಲಿಸುವ ತರಗತಿ ಎರಡು ತಿಂಗಳಲ್ಲಿ ಮುಚ್ಚಿತು. ಅವರಿಗೆ ಬೇಕಿದ್ದದ್ದು ತಮಟೆ. ಸರಿ, ತಮಟೆ ತಂದೆವು. ಚರ್ಮದ್ದಾದರೆ ಮಳೆಗಾಲದಲ್ಲಿ ಪ್ರತಿ ಸಲ ಹುಲ್ಲು ಉರಿಸಿ ಕಾಯಿಸಬೇಕು, ಮಕ್ಕಳ ಕೈಗೆ ಬೆಂಕಿ ಕೊಡಲು ತಾಯಂದಿರು ಬಿಡಲ್ಲ. ಫೈಬರ್ ತಂದರೆ ಹಿರಿಯರು ಮುಖ ಸಿಂಡರಿಸುತ್ತಾರೆ. ನನ್ನ ತೀರ್ಮಾನ: ಕಲಿಯಲು ಫೈಬರ್, ಹೊರಗೆ ಬಾರಿಸಲು ಚರ್ಮ. ಹನ್ನೆರಡು ಮಕ್ಕಳು ಇದ್ದಾರೆ, ನಾಲ್ಕು ಹೆಣ್ಣುಮಕ್ಕಳು, ಅದರಲ್ಲಿ ಒಬ್ಬಳ ಪೆಟ್ಟು ಕೇಳಿದರೆ ನೀವು ಎದ್ದು ನಿಲ್ಲುತ್ತೀರಿ.

ಹುಡುಕದೇ ಸಿಕ್ಕಿದ್ದು ಒಂದಿದೆ. ಕಥೆಗೆ ಮುಂಚೆ ಅಡುಗೆಗೆ ಕೂತ ಅಜ್ಜಿಯರು ಮೊರದಲ್ಲಿ ಅಕ್ಕಿ ಕೇರುತ್ತಾ ಸೋಬಾನೆ ಎತ್ತಿದರು. ಒಬ್ಬರು ಎತ್ತಿದ್ದನ್ನು ಇನ್ನಿಬ್ಬರು ಹಿಡಿದರು, ಮೊರ ತಟ್ಟುವುದೇ ತಾಳ ಆಯಿತು, ಅಕ್ಕಿ ಮುಗಿದರೂ ಖಾಲಿ ಮೊರ ತಟ್ಟುತ್ತಿದ್ದರು. ಇವರನ್ನು ಉತ್ಸವಕ್ಕೆ ಕರೆದಾಗ "ನಮಗೇನು ಬತ್ತದೆ" ಅಂತ ಬಂದಿರಲಿಲ್ಲ. ಕಲಾವಿದರಿಗೆ ಕೊಟ್ಟ ಹಾಗೆ ದುಡ್ಡು ಕೊಡಲು ಹೋದರೆ, "ಕಾಸು ಕೊಟ್ರೆ ಕೂಲಿ ಆಯ್ತದೆ ಕನ ಮಗ" ಅಂತ ವಾಪಸ್ ಕೊಟ್ಟರು. ಮುಂದಿನ ತಿಂಗಳು ಆಶಾ ಅಕ್ಕ ಮಡಿಲಕ್ಕಿ ಕಟ್ಟಿದರು, ಅಕ್ಕಿ, ಬೆಲ್ಲದಚ್ಚು, ಕಾಯಿ, ರವಿಕೆ ಬಟ್ಟೆ, ಅದರೊಳಗೆ 300 ರೂಪಾಯಿ. ಯಾರೂ ಬೇಡ ಅನ್ನಲಿಲ್ಲ. ಈಗ ಸಂಜೆ ಏಳರಿಂದ ಒಂಬತ್ತು ಸೋಬಾನೆಯವರದು, ಅಡುಗೆಮನೆಯಲ್ಲೇ. ಕೇಳುವವರು ಬಾಗಿಲ ಹೊರಗೆ ಕೂರಬೇಕು, ಒಳಗೆ ಹೋದರೆ ಹಾಡು ನಿಲ್ಲುತ್ತೆ.

ಬೇರೆ ತಾಲ್ಲೂಕಿನ ಎರಡು ಬಳಗದವರು ಈಗ ಹೀಗೇ ಮಾಡಬೇಕು ಅಂತ ಕೇಳಿದ್ದಾರೆ. ಬಂದು ಒಂದು ರಾತ್ರಿ ಕೂರಿ ಅಂದಿದ್ದೇನೆ. ಊಟ ಒಂಬತ್ತಕ್ಕೆ, ಚಾಪೆ ನಿಮ್ಮದೇ ತನ್ನಿ, ಶಾಲು ತರಬೇಡಿ. ಖರ್ಚಿನ ಪುಸ್ತಕದ ಫೋಟೊ ಕೇಳಿದರೆ ಕಳಿಸುತ್ತೇನೆ, ತಂಡದವರ ಫೋನ್ ನಂಬರ್ ಬರೆದಿರುವ ಕೊನೆಯ ಪುಟ ಬಿಟ್ಟು.