ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳುವಾಗ ಮೆಗಾಪಿಕ್ಸೆಲ್‌ಗಿಂತ ಮೊದಲು ನೋಡಬೇಕಾದದ್ದು

ಏನು ತೆಗೆಯಬೇಕು ಅನ್ನುವುದು ಮೊದಲು ಗಟ್ಟಿಯಾಗಲಿ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿ ತೆಗೆಯಬೇಕೆಂದರೆ ಬೆಳಕು ಸಾಲದು. ಅಲ್ಲಿ 20 ಮೆಗಾಪಿಕ್ಸೆಲ್‌ಗೂ 24ಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಲೆನ್ಸಿನದು ಕಾಣುತ್ತದೆ. ಕ್ಯಾಮೆರಾ ಜೊತೆಗೇ ಬರುವ 18-55 ಎಂಎಂ ಕಿಟ್ ಲೆನ್ಸ್ 55 ಎಂಎಂನಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯದು (ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ). 50 ಎಂಎಂ ಎಫ್/1.8 ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಬಿಡುತ್ತದೆ. ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಸಾಧಾರಣದ್ದಾದರೂ ಸರಿ, ಈ ಲೆನ್ಸ್ ಬಿಡಬೇಡಿ. ಆದರೆ ಕಲಬುರಗಿ ಕೋಟೆಯ ಜಾಮಿ ಮಸೀದಿಯ ಕಮಾನುಗಳ ಸಾಲಿಗೆ ಕಿಟ್ ಲೆನ್ಸಿನ ಅಗಲ ನೋಟದ 18 ಎಂಎಂ ತುದಿಯೇ ಬೇಕು. ಎಪಿಎಸ್-ಸಿ ಸೆನ್ಸರಿನಲ್ಲಿ (ಇಂಥ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುವ ಚಿಕ್ಕ ಚಿಪ್) 50 ಎಂಎಂ ಎಂದರೆ ದೊಡ್ಡ ಸೆನ್ಸರಿನ 75ರಿಂದ 80 ಎಂಎಂನಷ್ಟು ಇಕ್ಕಟ್ಟಾದ ನೋಟ.

ನಿಕಾನ್ ಕೊಳ್ಳುವವರು ಲೆನ್ಸ್ ಆರಿಸುವಾಗಲೇ ಎಡವುತ್ತಾರೆ. ಡಿ3500, ಡಿ5600 ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಒಳಗೆ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ತಂದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಒಳಗೇ ಮೋಟಾರ್ ಇರುವ, ಎಎಫ್-ಎಸ್ ಎಂದು ಬರೆದದ್ದನ್ನೇ ಕೇಳಿ ತೊಗೊಳ್ಳಿ. ಡಿ7500ರಲ್ಲಿ ಮೋಟಾರ್ ಇದೆ.

ಸೆಕೆಂಡ್ ಹ್ಯಾಂಡ್ ಆದರೆ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಎಫ್/16ಕ್ಕೆ ಇಟ್ಟು, ಫೋಕಸ್ ಬೇಕೆಂದೇ ಕೆಡಿಸಿ, ಬಿಳಿ ಗೋಡೆಯ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಮಸುಕು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳು. ನಮ್ಮ ಬೇಸಿಗೆಯ ಗಾಳಿಯಲ್ಲಿ ಬಯಲಲ್ಲೇ ಲೆನ್ಸ್ ಬದಲಿಸಿದರೆ ಹೀಗಾಗುತ್ತದೆ, ಸ್ವಚ್ಛ ಮಾಡಿಸಬಹುದು. ಲೆನ್ಸಿನೊಳಗೆ ಟಾರ್ಚ್ ಬಿಟ್ಟಾಗ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಸ್ಟು. ಎಷ್ಟೇ ಅಗ್ಗವಿರಲಿ, ವಾಪಸ್ ಕೊಡಿ.

ಶಟರ್ ಎಣಿಕೆಯನ್ನೂ, ಅಂದರೆ ಕ್ಯಾಮೆರಾ ಇದುವರೆಗೆ ಎಷ್ಟು ಕ್ಲಿಕ್ ಮಾಡಿದೆ ಎಂಬುದನ್ನೂ ಕೇಳಿ. ಡಿ5600ರ ಶಟರನ್ನು 1 ಲಕ್ಷ ಕ್ಲಿಕ್‌ವರೆಗೆ ಪರೀಕ್ಷಿಸಲಾಗಿದೆ. ಮದುವೆ ಫೋಟೊಗೆ ದುಡಿದ ಕ್ಯಾಮೆರಾ ಹೊರಗೆ ಫಳಫಳ ಅಂದರೂ ಅದರ ಹತ್ತಿರ ಬಂದಿರಬಹುದು.