ಕಾರಿನ ಎಸಿ ತಣ್ಣಗಾಗುತ್ತಿಲ್ಲವಾ? ಗ್ಯಾಸ್ ತುಂಬಿಸುವ ಮೊದಲು ಇಷ್ಟು ನೋಡಿ

ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಎಸಿ ಬಿಸಿಗಾಳಿ ಊದಿದರೆ ಜೀವ ಸಾಕಾಗುತ್ತದೆ. ಗ್ಯಾರೇಜಿಗೆ ಹೋದರೆ ಮೊದಲ ಮಾತೇ "ಗ್ಯಾಸ್ ಖಾಲಿ, ತುಂಬಿಸಿಬಿಡಿ". ನಾನು ಒಂದೇ ಬೇಸಿಗೆಯಲ್ಲಿ ಎರಡು ಸಲ ತುಂಬಿಸಿದೆ, ಎರಡು ಸಲವೂ ತಿಂಗಳಲ್ಲಿ ಮತ್ತೆ ಅದೇ ಕತೆ. ಎಸಿ ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಿಲ್ಲ, ಪೈಪಿನೊಳಗೇ ಸುತ್ತುತ್ತಿರುತ್ತದೆ. ತಿಂಗಳಲ್ಲೇ ಇಳಿದಿದೆ ಅಂದರೆ ಎಲ್ಲೋ ಸೋರುತ್ತಿದೆ.

ಮೊದಲು ಗಾಳಿ ನೋಡಿ. ಫ್ಯಾನ್ ಪೂರ್ತಿ ಇಟ್ಟರೂ ಗಾಳಿಯೇ ಕಡಿಮೆಯಾ? ಹಾಗಿದ್ದರೆ ಕ್ಯಾಬಿನ್ ಫಿಲ್ಟರ್ ಕಟ್ಟಿರಬಹುದು. ಬಹಳಷ್ಟು ಕಾರುಗಳಲ್ಲಿ ಅದು ಡ್ಯಾಶ್‌ಬೋರ್ಡಿನ ಡಬ್ಬಿಯ ಹಿಂದೆ ಇರುತ್ತದೆ. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಊರೂರು ತಿರುಗಿದ್ದರೆ ಅದರ ತುಂಬ ಧೂಳೇ ಸಿಗುತ್ತದೆ.

ಗಾಳಿ ಜೋರಾಗಿದ್ದೂ ತಂಪಿಲ್ಲದಿದ್ದರೆ ಇಂಜಿನ್ ಶುರು ಮಾಡಿ, ಬಾನೆಟ್ ಎತ್ತಿ, ಒಳಗೆ ಕೂತವರಿಗೆ ಎಸಿ ಹಾಕಲು ಹೇಳಿ. ಕೈ, ವೇಲು, ಸೆರಗು ಬೆಲ್ಟಿನಿಂದ ದೂರ ಇರಲಿ, ಫ್ಯಾನ್ ಯಾವಾಗ ಬೇಕಾದರೂ ತಿರುಗುತ್ತದೆ. ಗ್ಯಾಸನ್ನು ಒತ್ತಿ ಪೈಪಿನಲ್ಲಿ ಓಡಿಸುವ ಪಂಪೇ ಕಂಪ್ರೆಸರ್; ಅದಕ್ಕೆ ತನ್ನದೇ ಕ್ಲಚ್ ಇದ್ದರೆ "ಟಕ್" ಅನ್ನಬೇಕು, ಪುಲ್ಲಿಯ ಮುಂದಿನ ತಟ್ಟೆಯೂ ತಿರುಗಬೇಕು. ಸದ್ದೇ ಇಲ್ಲವಾ? ಫ್ಯೂಸ್, ಅದಕ್ಕೆ ಕರೆಂಟ್ ಕೊಡುವ ಚಿಕ್ಕ ಸ್ವಿಚ್ಚಾದ ರಿಲೇ ನೋಡಿ. ಅವು ಸರಿಯಿದ್ದರೆ ಗ್ಯಾಸ್ ತೀರಾ ಕಡಿಮೆಯಾಗಿ ಪ್ರೆಶರ್ ಸ್ವಿಚ್ಚೇ ಕಂಪ್ರೆಸರನ್ನು ತಡೆದಿರಬಹುದು.

ಇನ್ನೊಂದು ಗುರುತು ಬಹಳ ಮುಖ್ಯ. ಚಿತ್ರದುರ್ಗದ ಕಡೆ ಹೈವೇಯಲ್ಲಿ ಓಡುವಾಗ ತಂಪಾಗಿದ್ದು, ಊರೊಳಗೆ ಸಿಗ್ನಲ್‌ನಲ್ಲಿ ನಿಂತ ಕೂಡಲೇ ಬಿಸಿಯಾದರೆ ಮೊದಲ ಅನುಮಾನ ಗ್ಯಾಸ್ ಮೇಲೆ ಬೇಡ. ರೇಡಿಯೇಟರ್ ಮುಂದಿರುವ ಕಂಡೆನ್ಸರ್ ಶಾಖ ಹೊರಹಾಕಬೇಕು, ಓಡುವಾಗ ಅದಕ್ಕೆ ತಾನಾಗಿ ಗಾಳಿ ಸಿಗುತ್ತದೆ, ನಿಂತಾಗ ಬಾನೆಟ್ ಒಳಗಿನ ರೇಡಿಯೇಟರ್ ಫ್ಯಾನೇ ಗತಿ. ಎಸಿ ಹಾಕಿ ಸ್ವಲ್ಪ ಹೊತ್ತಾದರೂ ಆ ಫ್ಯಾನ್ ತಿರುಗದಿದ್ದರೆ ರೋಗ ಸಿಕ್ಕಿತು ಅಂದುಕೊಳ್ಳಿ. ತಿರುಗುತ್ತಿದ್ದರೆ ಕಂಡೆನ್ಸರಿನ ಧೂಳು, ಸತ್ತ ಹುಳ ತೊಳೆಯಿರಿ. ಇಂಜಿನ್ ಆರಿದ ಮೇಲೆ, ಮನೆಯ ಪೈಪಿನ ಮೆಲ್ಲನೆ ನೀರಿನಲ್ಲೇ ತೊಳೆಯಿರಿ; ವಾಟರ್ ಸರ್ವಿಸ್ ಗನ್ ಹತ್ತಿರ ಹಿಡಿದರೆ ಅದರ ತೆಳು ರೆಕ್ಕೆಗಳು ಮಡಚಿಹೋಗುತ್ತವೆ.

ಸೋರಿಕೆ ಹುಡುಕಲು ಪೈಪಿನ ಜಾಯಿಂಟು, ಕಂಡೆನ್ಸರ್ ಮೇಲೆ ಎಣ್ಣೆ ಜಿಡ್ಡು ನೋಡಿ. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಹೊರಬರುವುದರಿಂದ ಅಲ್ಲಿ ಧೂಳು ಮೆತ್ತಿಕೊಂಡಿರುತ್ತದೆ. ನನ್ನ ಕಾರಿನಲ್ಲಿ ಲಾರಿ ಚಕ್ರದಿಂದ ಸಿಡಿದ ಕಲ್ಲೊಂದು ಕಂಡೆನ್ಸರಿಗೆ ಸೂಜಿಮೊನೆಯಷ್ಟು ತೂತು ಮಾಡಿತ್ತು, ಅಷ್ಟೇ. ಆದರೆ ಪೈಪನ್ನು ನೀವೇ ಬಿಚ್ಚಬೇಡಿ, ಗ್ಯಾಸ್ ತಗುಲಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೂ ಅಪಾಯ.

ಸೋರಿಕೆ ಸರಿ ಮಾಡಿಸಿದ ಮೇಲೆ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಹಾಕಿಸಿ, ಅಂದರೆ ಪಂಪಿನಿಂದ ಪೈಪಿನೊಳಗಿನ ಗಾಳಿ ಎಳೆಸಿ, ಒಳಗಿನ ತೇವ ಹೋಗಲಿ. ಗ್ಯಾಸನ್ನು ಅಂದಾಜಿನಲ್ಲಿ ಬೇಡ, ಬಾನೆಟ್ ಕೆಳಗಿನ ಸ್ಟಿಕರಿನಲ್ಲಿ ಬರೆದಷ್ಟೇ ಗ್ರಾಂ ತೂಕ ಮಾಡಿ ಹಾಕಿಸಿ. ಜಾಸ್ತಿ ತುಂಬಿದರೂ ತಂಪು ಕಡಿಮೆಯಾಗುತ್ತದೆ. ಸ್ಟಿಕರಿನಲ್ಲಿ ಗ್ಯಾಸಿನ ಹೆಸರು ಆರ್-134ಎ ಅಂತಿದ್ದರೆ ಅದೇ ಇರಬೇಕು, ಹಣ ಕೊಡುವ ಮೊದಲು ನೀವೇ ಎದುರು ನಿಂತು ಡಬ್ಬಿ ನೋಡಿ.