ಮೂರೋ ಆರೋ? ಸ್ಟೇಷನ್ ಅನೌನ್ಸ್‌ಮೆಂಟ್ ಕೇಳುವ ಬಗೆ

ಒಂದು ಕೈಯಲ್ಲಿ ಅಮ್ಮ, ಇನ್ನೊಂದು ಕೈಯಲ್ಲಿ ಹತ್ತು ಕೆಜಿ ಅಕ್ಕಿ ಚೀಲ. ದೊಡ್ಡ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಇಳಿದು ಮೂರನೇ ಪ್ಲಾಟ್‌ಫಾರಂಗೆ ಓಡಿದ್ದೆ. ಗಾಡಿ ಬಂದದ್ದು ಆರಕ್ಕೆ. ಮೈಕಿನದೇನೂ ತಪ್ಪಿಲ್ಲ, ನನ್ನ ಕಿವಿಯದೇ. ‘ಏನಂದ್ಲೋ ಅವಳು?’ ಅಂತ ಅಮ್ಮ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದಳು.

ಮಂಡ್ಯ–ಬೆಂಗಳೂರು ಪಾಸ್ ಇಟ್ಟುಕೊಂಡು ವರ್ಷಗಟ್ಟಲೆ ಓಡಾಡಿದ ಮೇಲೆ ಒಂದು ಗೊತ್ತಾಗಿದೆ. ಅನೌನ್ಸ್‌ಮೆಂಟ್ ಪೂರ್ತಿ ಕೇಳಲು ಹೋದರೆ ಏನೂ ತಲೆಗೆ ಹೋಗುವುದಿಲ್ಲ. ಅದು ಒಬ್ಬರು ಒಂದೇ ಉಸಿರಿನಲ್ಲಿ ಹೇಳಿದ ಮಾತಲ್ಲ. ಅಂಕಿಗಳು, ಊರುಗಳು, ಗಾಡಿ ಹೆಸರುಗಳು ಬೇರೆ ಬೇರೆ ತುಣುಕುಗಳಾಗಿ ರೆಕಾರ್ಡ್ ಆಗಿರುತ್ತವೆ. ಕಂಪ್ಯೂಟರ್ ಅವನ್ನು ಪೋಣಿಸುತ್ತದೆ. ಅದಕ್ಕೇ ನಡುನಡುವೆ ದನಿ ತಟ್ಟನೆ ಏರುವುದು, ಇಳಿಯುವುದು. ನಮಗೆ ಬೇಕಾದ ತುಣುಕನ್ನು ಹಿಡಿದರೆ ಸಾಕು.

ಮೊದಲು ಟಿಕೆಟ್ ನೋಡಿ ಗಾಡಿಯ ಐದಂಕಿ ನಂಬರನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಿ. ಒಡೆಯರ್ ಎಕ್ಸ್‌ಪ್ರೆಸ್ 12614 ಅನ್ನು ‘ಒಂದು, ಎರಡು, ಆರು, ಒಂದು, ನಾಲ್ಕು’ ಅಂತಲೇ ಓದುತ್ತಾರೆ, ಹನ್ನೆರಡು ಸಾವಿರದ ಲೆಕ್ಕದಲ್ಲಲ್ಲ. ಕೊನೆಯ ಅಂಕಿಗೆ ಕಿವಿ ಜಾಸ್ತಿ ಕೊಡಿ. 12614 ಬೆಂಗಳೂರಿನಿಂದ ಮೈಸೂರಿಗೆ, 12613 ಮೈಸೂರಿನಿಂದ ಬೆಂಗಳೂರಿಗೆ. ಹೆಸರು ಒಂದೇ, ದಿಕ್ಕು ಉಲ್ಟಾ. ನಂಬರ್ ತಪ್ಪಿಹೋದರೆ ‘ಇಂದ’ ಯಾವ ಊರಿಗೆ ಅಂಟಿದೆ ಅಂತ ನೋಡಿಕೊಳ್ಳಿ.

ಈಗ ಮೂರು–ಆರರ ವಿಷಯ. ಶೀಟಿನ ಚಾವಣಿ ಕೆಳಗೆ ದನಿ ಗುಂಯ್‌ಗುಟ್ಟುವಾಗ ಕನ್ನಡದಲ್ಲಿ ಎರಡಕ್ಕೂ ಬಾಲ ಒಂದೇ, ‘ರು’. ಆದರೆ ಹಿಂದಿಯ ತೀನ್, ಛೇ ಹಾಗೆ ಬೆರೆಯುವುದಿಲ್ಲ. ಇಂಗ್ಲಿಷಿನಲ್ಲಿ ಫೈವ್, ನೈನ್ ಕಲಸಿಹೋಗುತ್ತವೆ, ನಮ್ಮ ಐದು, ಒಂಬತ್ತು ಕಲಸುವುದಿಲ್ಲ. ಹಾಗಾಗಿ ಕನ್ನಡ ಮುಗಿದ ಕೂಡಲೇ ಚೀಲ ಎತ್ತಬೇಡಿ. ಮುಂದಿನ ಎರಡು ಭಾಷೆಯಲ್ಲೂ ಅದೇ ಅಂಕಿ ಬಂತಾ ಅಂತ ತಾಳೆ ನೋಡಿ. ಒಂದರಿಂದ ಒಂಬತ್ತರವರೆಗೆ ಹಿಂದಿ ಬಂದರೆ ಸಾಕು, ವ್ಯಾಕರಣ ಯಾರಿಗೆ ಬೇಕು!

ಗಾಡಿ ಹೆಸರು ಕಿವಿಗೆ ಬಿದ್ದದ್ದೇ ಅರ್ಧ ಪ್ಲಾಟ್‌ಫಾರಂ ಎದ್ದು ನಿಲ್ಲುತ್ತದೆ. ನೀವು ಕೂತೇ ಇರಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ಕೊನೆಗೆ ತಾನೆ? ‘ಬರಲಿದೆ’ಯೋ, ‘ಹೊರಡಲಿದೆ’ಯೋ, ‘ತಡವಾಗಿ’ಯೋ ಅನ್ನುವುದು ಕಡೆಯವರೆಗೆ ಕೇಳಿದವರಿಗೇ ಗೊತ್ತು. ಅನಾನುಕೂಲಕ್ಕೆ ವಿಷಾದಿಸುತ್ತೇವೆ ಅಂತ ಬಂದರೆ ಆರಾಮಾಗಿ ಒಂದು ಕಾಫಿ ಕುಡಿಯಬಹುದು.

ಸ್ಪೀಕರಿನ ಬುಡದಲ್ಲಿ ನಿಲ್ಲಬೇಡಿ, ಕಿವಿ ಗುಂಯ್ ಅನ್ನುತ್ತದೆ. ಎರಡು ಸ್ಪೀಕರಿನ ಮಧ್ಯೆಯೂ ಬೇಡ, ಒಂದೇ ಮಾತು ಹಿಂದೆಮುಂದೆ ಕೇಳಿಸಿ ಅಂಕಿಗಳು ಗೋಜಲಾಗುತ್ತವೆ. ಒಂದಕ್ಕೆ ಹತ್ತಿರ, ನಾಲ್ಕು ಹೆಜ್ಜೆ ಪಕ್ಕಕ್ಕೆ ನಿಂತರೆ ಸರಿ.

ಅಷ್ಟಾದರೂ ತಿಳಿಯಲಿಲ್ಲವಾ? 139ಕ್ಕೆ ಫೋನ್ ಮಾಡಬಹುದು. ನಾನಂತೂ ಟೀ ಮಾರುವವನನ್ನೇ ಕೇಳುತ್ತೇನೆ. ದಿನವಿಡೀ ಅದನ್ನೇ ಕೇಳುವ ಅವನು ಲೋಟ ತುಂಬುತ್ತಲೇ, ತಲೆ ಎತ್ತದೆ ‘ಆರಕ್ಕೆ ಸಾರ್’ ಅಂದುಬಿಡುತ್ತಾನೆ.